ಖೈರಾನ್ ಕೊಲ್ಲಿಯಲ್ಲಿ ಕೃಷ್ಣಾ ತೀರದ ಅಂಬಿಗ

ಓದುವವರು ಗಾಬರಿಯಾಗಬಾರದೆಂದು ಮೊದಲೇ ಹೇಳಿಬಿಡುತ್ತೇನೆ: ಈ ಪ್ರವಾಸದಲ್ಲಿ ಯಾರೂ ಮುಳುಗಲಿಲ್ಲ. ನನ್ನ ಹೆಂಡತಿಯ ತಮ್ಮ ವಿರೂಪಾಕ್ಷಿ ನಾಲ್ಕನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಡ್ಯೂಟಿಗೆ ಹಾಜರಾದ. ಮೊಣಕಾಲಿನ ಮೇಲೆ ಒಣಗಿದ ಕೆಸರು ಹಾಗೇ ಇತ್ತು ಎನ್ನುವುದು ಬೇರೆ ಮಾತು. ಮುಳುಗುವ ಹಾಗಿದ್ದದ್ದು ನನ್ನ ಮರ್ಯಾದೆ ಮಾತ್ರ.

ಅದರ ಹಿನ್ನೆಲೆ ಹೇಳಬೇಕು. ನಮ್ಮದು ಕೃಷ್ಣಾ ದಂಡೆಯ ಊರು. ಸೇತುವೆ ಆಗುವ ಮುಂಚೆ ನಮ್ಮಪ್ಪ ಹರಿಗೋಲು ಹಾಕಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದ. ಮೂವತ್ತೊಂದು ವರ್ಷದ ಕೆಳಗೆ ನಾನು ಗದಗ ಜಿಲ್ಲೆಯ ಒಂದು ಹಳ್ಳಿಗೆ ಹೆಣ್ಣು ನೋಡಲು ಹೋದೆ. ಅವರೂ ಒಂದು ಕಾಲಕ್ಕೆ ಹೊಳೆಯವರೇ ಅಂತೆ, ಎಷ್ಟೋ ತಲೆಮಾರಿನ ಹಿಂದೆ ದಂಡೆ ಬಿಟ್ಟವರು. ಈಗ ಅವರ ಊರಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ, ಒಂದು ಕೊಡ ನೀರಿಗೆ ಅರ್ಧ ಮೈಲಿ ನಡೆಯಬೇಕು. ಮಾವನವರು ಬಾಯಿ ಬಿಟ್ಟುಕೊಂಡು ಹೊಳೆಯ ಸುದ್ದಿ ಕೇಳಿದರು. ಕೇಳುವವರು ಅಷ್ಟು ಚೆನ್ನಾಗಿ ಕೇಳಿದರೆ ನನ್ನಂಥ ಯಾವ ಮಾಸ್ತರ ಸುಮ್ಮನಿದ್ದಾನು? ಹೊಳೆಗೆ ಮಹಾಪೂರ ಬಂದಿತ್ತು, ಅಪ್ಪ ಜ್ವರದಲ್ಲಿ ಮಲಗಿದ್ದ, ಆಚೆ ದಡದಲ್ಲಿ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು, ಈಚೆ ದಡದಲ್ಲಿ ನರ್ಸಬಾಯಿ ಚೀಲ ಹಿಡಿದು ನಿಂತಿದ್ದಳು. ಆಗ ಹದಿನಾಲ್ಕು ವರ್ಷದವನಾಗಿದ್ದ ನಾನು ಹುಟ್ಟು ಹಿಡಿದು ಅವಳನ್ನು ದಾಟಿಸಿದೆ ಎಂದು ಹೇಳಿದೆ. ಅವಲಕ್ಕಿ ತಟ್ಟೆ ತಂದಿದ್ದ ಹುಡುಗಿ ಬಾಗಿಲಲ್ಲೇ ನಿಂತು ಕೇಳಿದಳು. ಲಗ್ನ ನಿಶ್ಚಯವಾಯಿತು.

ನಡೆದದ್ದೆಲ್ಲ ನಿಜ. ತಿದ್ದುಪಡಿ ಒಂದೇ: ಹುಟ್ಟು ಹಿಡಿದವಳು ಹದಿನಾಲ್ಕು ವರ್ಷದ ನನ್ನ ಅಕ್ಕ ನೀಲವ್ವ. ಒಂಬತ್ತು ವರ್ಷದ ನಾನು ಒಳಗೆ ಕಣ್ಣು ಮುಚ್ಚಿ ಕೂತಿದ್ದೆ. ಹರಿಗೋಲಿನಲ್ಲಿ ನನಗೆ ವಹಿಸಿದ್ದ ಕೆಲಸವೆಂದರೆ ದಡ ಮುಟ್ಟಿದ ಕೂಡಲೇ ಇಳಿದು ಹಗ್ಗ ಕಟ್ಟುವುದು. ಅದನ್ನೂ ಮರೆಯುತ್ತಿದ್ದೆ, ಅಕ್ಕನ ಕೈಯಿಂದ ತಲೆಗೆ ಏಟು ತಿನ್ನುತ್ತಿದ್ದೆ. ಎರಡು ವರ್ಷಕ್ಕೆ ಸೇತುವೆ ಆಯಿತು. ಹರಿಗೋಲು ಕೊಟ್ಟಿಗೆ ಸೇರಿ ದನಕ್ಕೆ ಮೇವು ಹಾಕುವ ಬುಟ್ಟಿಯಾಯಿತು. ನಾನು ಒಮ್ಮೆಯೂ ಹುಟ್ಟು ಮುಟ್ಟದೆ ಹೈಸ್ಕೂಲು ಮಾಸ್ತರನಾದೆ, ಮೊನ್ನೆ ಮೊನ್ನೆ ನಿವೃತ್ತನೂ ಆದೆ. ಹೆಂಡತಿಯ ತವರಿನಲ್ಲಿ ಮಾತ್ರ ನಾನು ಈಗಲೂ ‘ಅಂಬಿಗ ಮಾಮಾ’.

ಅಲ್ ಖೌದ್: ಊಟದ ಮೇಜಿನ ಮೇಲೆ ಸಮುದ್ರ

ವಿರೂಪಾಕ್ಷಿ ಮಸ್ಕತ್ತಿನ ಅಲ್ ಖೌದ್‌ನ ಒಂದು ಫ್ಲ್ಯಾಟಿನಲ್ಲಿರುತ್ತಾನೆ. ಕೆಳಗೆ ಲಾಂಡ್ರಿ, ಪಕ್ಕದಲ್ಲಿ ಕರಕ್ ಎನ್ನುವ ಕಡಕ್ ಚಹಾದ ಅಂಗಡಿ. ಕಾರಿನಿಂದ ಇಳಿಯದೆ ಹಾರ್ನ್ ಹೊಡೆದು ಚಹಾ ತರಿಸಿಕೊಳ್ಳುವುದು ಇಲ್ಲಿಯ ಪದ್ಧತಿ. ಮೊದಲ ದಿನ ನಾನು ನಡೆದು ಹೋಗಿ ಚಹಾ ಕೇಳಿದ್ದಕ್ಕೆ ಅಂಗಡಿಯವನು ನನ್ನ ಕಾರು ಕೆಟ್ಟಿದೆಯೇ ಎಂದು ವಿಚಾರಿಸಿದ. ವಿರೂಪಾಕ್ಷಿಯ ಕೆಲಸ ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ. ಇಂಜಿನಿಯರು. ಸಮುದ್ರ ಪೈಪಿನೊಳಗೆ ಬಂದ ಮೇಲೆ ಅದರ ಜಾತಕವೆಲ್ಲ ಅವನಿಗೆ ಗೊತ್ತು. ಪೈಪಿಗೆ ಬರುವ ಮುಂಚೆ ಅದು ಏನು ಮಾಡುತ್ತಿರುತ್ತದೆ ಎಂದು ಅವನು ಹದಿನೇಳು ವರ್ಷದಲ್ಲಿ ವಿಚಾರಿಸಿರಲಿಲ್ಲ.

ನಾನು, ನನ್ನ ಹೆಂಡತಿ ಕಸ್ತೂರಿ ಬಂದ ದಿನವೇ ಅವನು ಊಟದ ಮೇಜಿನ ಮೇಲೆ ಒಂದು ನಕಾಶೆ ಹಾಸಿದ. ಉಪಗ್ರಹದಿಂದ ತೆಗೆದ ಚಿತ್ರ, ಆರು ಹಾಳೆ ಪ್ರಿಂಟ್ ತೆಗೆದು ಟೇಪು ಹಚ್ಚಿದ್ದ. ಮಸ್ಕತ್ತಿನ ಆಚೆ ಖೈರಾನ್ ಎಂಬ ಕಡೆ ಗುಡ್ಡಗಳ ಸಂದಿಗಳಲ್ಲಿ ಸಮುದ್ರ ಒಳನುಗ್ಗಿ ಕೊಲ್ಲಿಗಳಾಗಿದೆ. ಅಲ್ಲಿ ರಂಜಾನ್ ರಜೆಯಲ್ಲಿ ಉದ್ದನೆಯ ಹುಟ್ಟುದೋಣಿಗಳಲ್ಲಿ, ಕನೂ ಅಂತಾರಲ್ಲ ಅವುಗಳಲ್ಲಿ, ಒಂದು ಸುತ್ತು ಹಾಕಿ ಬರುವುದು, ರಾತ್ರಿ ಮರಳಿನ ಮೇಲೆ ಡೇರೆ. ಎರಡು ದೋಣಿ. ಒಂದರಲ್ಲಿ ಅವನು, ಅವನ ಮಗಳು ಇಂಚರಾ. ಇನ್ನೊಂದರಲ್ಲಿ ನಾನು, ಕಸ್ತೂರಿ. ಅವನ ಹೆಂಡತಿ ಸುನಂದಾ ಮನೆಯಲ್ಲೇ ಇರುತ್ತೇನೆಂದು ಮೊದಲೇ ಹೇಳಿಬಿಟ್ಟಿದ್ದಳು. ಆ ಮನೆಯಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ.

“ಹದಿನೇಳು ವರ್ಷದಿಂದ ಆಸೆ ಮಾಮಾ,” ಎಂದ ವಿರೂಪಾಕ್ಷಿ. “ಯಾರ ಧೈರ್ಯದ ಮ್ಯಾಲೆ ಹೋಗಬೇಕು? ಈಗ ನೀವು ಬಂದೀರಿ.”

ಇಲ್ಲಿ ನಾನು ನಿಜ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವನು ಲ್ಯಾಪ್‌ಟಾಪು ತೆರೆದ.

ಅಬ್ಬಬ್ಬಾ, ಅದೇನು ಪ್ಲಾನು! ಪ್ರತಿ ಹದಿನೈದು ನಿಮಿಷಕ್ಕೊಂದು ಸಾಲು. ಯಾವ ದೋಣಿಯಲ್ಲಿ ಎಷ್ಟು ಭಾರ, ದಿನಕ್ಕೆ ತಲೆಗೆ ಎಷ್ಟು ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ ಯಾವ ಚೀಲದ ಯಾವ ಮೂಲೆಯಲ್ಲಿ. ಒಂದು ಸಾಲಿನಲ್ಲಿ ‘ಕಸ್ತೂರಕ್ಕ ಗುಡ್ಡ ನೋಡಿ ಸಂತೋಷಪಡುವುದು, ಹತ್ತು ನಿಮಿಷ’ ಎಂದು ಬರೆದಿದ್ದ.

“ನಿಮ್ಮ ಸ್ಪೀಡು ತಾಸಿಗೆ ಐದು ಕಿಲೋಮೀಟರ್ ಹಾಕೀನಿ. ಪೂರದಾಗಿಂದಲ್ಲ, ನಿಂತ ನೀರಿಂದು.”

ಹುಟ್ಟು ಎತ್ತಲು ಯಾವ ತೋಳು ಮುಂದೆ ಬರಬೇಕು ಎಂದು ಗೊತ್ತಿಲ್ಲದ ನಾನು ಗಂಭೀರವಾಗಿ ಗಡ್ಡ ತುರಿಸಿಕೊಂಡೆ. “ನಾಲ್ಕೂವರಿ ಹಾಕಪಾ,” ಎಂದೆ. “ವಯಸ್ಸಾತಲ್ಲ.”

ಕಸ್ತೂರಿ ಹೆಮ್ಮೆಯಿಂದ ನನ್ನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು. ಅದರಲ್ಲಿ ಅರ್ಧ ನಕಾಶೆಯ ಸಮುದ್ರದ ಮೇಲೆ ಬಿತ್ತು.

ಸೀಬ್: ಹಮೀದಾಕನ ಪ್ರಶ್ನೆ

ದೋಣಿ ಕೊಡುವವರು ಸೀಬ್ ಪೇಟೆಯಲ್ಲಿ ಹಗ್ಗ, ಬಲೆ, ಐಸ್ ಪೆಟ್ಟಿಗೆಗಳ ಅಂಗಡಿ ಇಟ್ಟಿರುವ ಬ್ಯಾರಿ ಸಾಹೇಬರು. ಉಳ್ಳಾಲದವರು. ಊರಲ್ಲಿ ಎಲ್ಲರೂ ಹಮೀದಾಕ ಅನ್ನುತ್ತಾರಂತೆ, ಇಲ್ಲೂ ಅದೇ ಹೆಸರು. ಅವರ ಅಂಗಡಿಯ ಕಫೀಲ್, ಅಂದರೆ ಕಾಗದದ ಮೇಲಿನ ಮಾಲೀಕ, ಒಬ್ಬ ಒಮಾನಿ. ಆತನ ಮಗ ಆಸೆಪಟ್ಟು ಎರಡು ದೋಣಿ ತರಿಸಿ, ನಾಲ್ಕು ಸಲ ಕೂತು, ಬೇಜಾರಾಗಿ ಗೋದಾಮಿಗೆ ಹಾಕಿದ್ದ. “ಸುಮ್ನೆ ಧೂಳು ತಿಂತಾ ಉಂಟು, ತಗೊಂಡು ಹೋಗಿ ಮಾರಾಯ್ರೆ,” ಎಂದರು ಹಮೀದಾಕ.

ಉಪವಾಸದ ದಿನ. ಅವರು ನೀರು ಸಹ ಮುಟ್ಟದೆ ನಮಗೆ ಮಾತ್ರ ಒಳಕೋಣೆಯಲ್ಲಿ ಚಹಾ ಕುಡಿಯಲು ಹೇಳಿದರು. ನಾವು ಬೇಡವೆಂದೆವು. ಆಮೇಲೆ ಅವರು ಒಂದು ಹುಟ್ಟು ತೆಗೆದು ನನ್ನ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ನಾನು ಅದನ್ನು ಕಸಬರಿಗೆ ಹಿಡಿದ ಹಾಗೆ ಹಿಡಿದಿದ್ದೆ.

“ಮಾಷ್ಟ್ರೆ, ನೀವು ಹೊಳೆಯವರು ಅಲ್ವಾ?”

“ಹೌದ್ರಿ.”

“ಅಲ್ಲಿ ಹೀಗೆ ಹಿಡಿಯೋದಾ?”

“ನಮ್ಮ ಕಡೆ ಪದ್ಧತಿ ಬ್ಯಾರೆ ಐತ್ರಿ,” ಎಂದೆ.

ಹಮೀದಾಕ ಹುಟ್ಟು ವಾಪಸು ತೆಗೆದುಕೊಂಡು ಗೋಡೆಗೆ ಒರಗಿಸಿದರು. ವಿರೂಪಾಕ್ಷಿಯ ನಕಾಶೆಯನ್ನು ಗಲ್ಲೆಯ ಮೇಲೆ ಹರಡಿಸಿ ನೋಡಿದರು. ಎರಡು ಕೊಲ್ಲಿಗಳ ನಡುವೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮಧ್ಯೆ ಸಣ್ಣದೊಂದು ನೀಲಿ ಗೆರೆ ಇತ್ತು. ಅದರ ಮೇಲೆ ಬೆರಳಿಟ್ಟರು.

“ಈ ತೋಡಲ್ಲಿ ಹೋಗ್ಲಿಕ್ಕುಂಟಾ ನಿಮ್ಮ ಪ್ಲಾನಲ್ಲಿ?”

“ರಜಾ ಕಡಿಮಿ ಸಿಕ್ಕರೆ ಅಷ್ಟ. ಅರ್ಧ ದಿನ ಉಳೀತೈತಿ,” ಎಂದ ವಿರೂಪಾಕ್ಷಿ.

“ಇಳಿತದ ಟೈಮ್ ನೋಡಿದ್ದೀರಾ? ಪೆರ್ನಾಲ್ ಹಬ್ಬ ಅಂದ್ರೆ ಅಮಾಸೆ ಕಳೆದ ಕೂಡ್ಲೇ ಬರೋದು. ಅಮಾಸೆ ನೀರು ಏರುದೂ ಜೋರು, ಇಳಿಯುದೂ ಜೋರು.”

ವಿರೂಪಾಕ್ಷಿ ನಕ್ಕ. “ಸಾಹೇಬ್ರ, ಎರಡೂ ಕಡೆ ಸಮುದ್ರ ಐತಿ. ನಡುವಿನ ನೀರು ಎಲ್ಲಿ ಹೋಗತೈತ್ರಿ?”

ಹಮೀದಾಕ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. “ಮಾಷ್ಟ್ರೆ, ನಿಮಗೆ ಗೊತ್ತುಂಟಲ್ಲ?”

ನಮ್ಮ ಹೊಳೆಯ ನೀರು ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ದಿನಕ್ಕೆ ಎರಡು ಸಲ ಹೋಗಿಬರುವ ನೀರನ್ನು ನಾನು ಪಾಠದ ಪುಸ್ತಕದಲ್ಲಿ ಹುಡುಗರಿಗೆ ಓದಿಸಿದ್ದೆ, ಅಷ್ಟೇ. ಅದೂ ಎರಡು ಅಂಕದ ಪ್ರಶ್ನೆ. ಆದರೆ ಪಕ್ಕದಲ್ಲಿ ಕಸ್ತೂರಿ ನಿಂತಿದ್ದಳು.

“ಗೊತ್ತಿಲ್ಲದ ಏನ್ರಿ,” ಎಂದೆ.

“ಹಾಗಾದ್ರೆ ಸರಿ,” ಎಂದು ಹಮೀದಾಕ ನಾಲ್ಕು ಜೀವರಕ್ಷಕ ಅಂಗಿಗಳನ್ನು ಧೂಳು ಕೊಡವಿ ಕೊಟ್ಟರು. ನನಗೆ ಕೊಡುವಾಗ ಪಟ್ಟಿ ಎರಡು ಸಲ ಎಳೆದು ನೋಡಿದರು.

ತಾರಸಿ: ಚಂದ್ರನ ದಾರಿ ಕಾಯ್ದದ್ದು

ವಿರೂಪಾಕ್ಷಿಯ ರಜೆ ಚಂದ್ರನ ಕೈಯಲ್ಲಿತ್ತು. ಅಂದು ಸಂಜೆ ಚಂದ್ರ ಕಂಡರೆ ನಾಳೆ ಹಬ್ಬ, ರಜೆ ಮೂರು ದಿನ. ಕಾಣದಿದ್ದರೆ ಹಬ್ಬ ನಾಡಿದ್ದು, ರಜೆ ನಾಲ್ಕು ದಿನ. ಅದಕ್ಕೆ ತಕ್ಕಂತೆ ಅವನು ಎ ಪ್ಲಾನು, ಬಿ ಪ್ಲಾನು ಎಂದು ಎರಡು ಮಾಡಿ ಪ್ಲಾಸ್ಟಿಕ್ ಫೈಲಿಗೆ ಹಾಕಿದ್ದ. ಎ ಪ್ಲಾನಿನಲ್ಲಿ ನಾಲ್ಕು ದಿನ, ಹೋದ ದಾರಿಯಲ್ಲೇ ನಿಧಾನವಾಗಿ ವಾಪಸು. ಬಿ ಪ್ಲಾನಿನಲ್ಲಿ ಮೂರೇ ದಿನ, ಕೊನೆಗೆ ಆ ಸಣ್ಣ ತೋಡಿನಿಂದ ಒಳನುಗ್ಗಿ ಕಾರು ನಿಲ್ಲಿಸಿದ ಕೊಲ್ಲಿಗೆ ಬಂದುಬಿಡುವುದು.

ಸಂಜೆ ತಾರಸಿಯ ಮೇಲೆ ಅರ್ಧ ಕಟ್ಟಡವೇ ನೆರೆದಿತ್ತು. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ಚಂದ್ರ ಕಾಣಲಿ ಎಂದು ನಿಂತಿದ್ದರೆ, ವಿರೂಪಾಕ್ಷಿ ಒಬ್ಬನೇ ಕಾಣದಿರಲಿ ಎಂದು ಬೇಡಿಕೊಳ್ಳುತ್ತಿದ್ದ. ನಾನು ಇನ್ನೂ ಮುಂದೆ ಹೋಗಿ, ಚಂದ್ರನ ಜೊತೆಗೆ ದೋಣಿಗಳೂ ಕಾಣದೆ ಹೋಗಲಿ ಎಂದು ಬೇಡಿಕೊಂಡೆ. ಸ್ವಲ್ಪ ಹೊತ್ತಿಗೆ ಎಲ್ಲರ ಮೊಬೈಲುಗಳು ಒಟ್ಟಿಗೆ ಗುಂಯ್‌ಗುಟ್ಟಿದವು. ಚಂದ್ರ ಕಂಡಿದ್ದ. ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಒಬ್ಬ ಅಪರಿಚಿತ ಮುದುಕ ಬಂದು ವಿರೂಪಾಕ್ಷಿಯನ್ನು ಅಪ್ಪಿಕೊಂಡಾಗ ಅವನ ಮುಖ ನೋಡಬೇಕಿತ್ತು.

“ಬಿ ಪ್ಲಾನು,” ಎಂದ. ಹೆಣ ಎತ್ತುವವರ ಧ್ವನಿ.

ಮೊದಲ ದಿನ: ಸುತ್ತಿದ್ದೇ ಸುತ್ತಿದ್ದು

ಖೈರಾನಿನ ದಡದಲ್ಲಿ ನಿಂತರೆ ನಾಲಿಗೆ ಒಣಗುವಂಥ ಚೆಲುವು. ಬೋಳು ಕಂದು ಗುಡ್ಡಗಳು ನೇರವಾಗಿ ನೀರಿಗೆ ಇಳಿದಿವೆ. ಒಂದು ಹುಲ್ಲುಕಡ್ಡಿ ಇಲ್ಲ. ನಮ್ಮ ಕಡೆ ಇಷ್ಟು ದೊಡ್ಡ ಬಂಡೆ ಇದ್ದರೆ ತುದಿಯಲ್ಲೊಂದು ಗುಡಿ, ಗುಡಿಗೊಂದು ಸುಣ್ಣ ಬಳಿದ ಮೆಟ್ಟಿಲು, ಮೆಟ್ಟಿಲಿಗೊಂದು ದಾನಿಗಳ ಹೆಸರಿನ ಕಲ್ಲು ಇದ್ದೇ ಇರುತ್ತದೆ. ಇಲ್ಲಿ ಗುಡ್ಡಗಳನ್ನು ಯಾರೂ ಮಾತಾಡಿಸಿದಂತೆ ಕಾಣಲಿಲ್ಲ.

ಹರಿಗೋಲು ದುಂಡಗಿರುತ್ತದೆ. ಅದಕ್ಕೆ ಮುಂದು ಹಿಂದು ಇಲ್ಲ, ಸುತ್ತುವುದು ಅದರ ಸ್ವಭಾವ. ಕನೂ ಉದ್ದಗಿರುತ್ತದೆ, ನೇರವಾಗಿ ಹೋಗಲೆಂದೇ ಹುಟ್ಟಿದ್ದು. ಅದನ್ನು ಸಹ ನಾನು ಗಿರಗಿರ ಸುತ್ತಿಸಿದೆ. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಇಂಚರಾ ತನ್ನ ದೋಣಿಯಿಂದ ಕೂಗಿದಳು, “ಮಾಮಾ, ಆರ್ ಯೂ ಓಕೆ?” ಹದಿನೈದು ವರ್ಷದ ಆ ಹುಡುಗಿ ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಶಾಲೆಯ ಶಿಬಿರದಲ್ಲಿ ಒಮ್ಮೆ ದೋಣಿ ನಡೆಸಿದ್ದಳಂತೆ.

“ನೀರು ಪರೀಕ್ಷಾ ಮಾಡಾಕತ್ತೀನಿ,” ಎಂದು ಕೂಗಿದೆ. “ಹೊಸಾ ನೀರಿಗೆ ಇಳಿದ ಮ್ಯಾಲೆ ಮೂರು ಸುತ್ತು ಹಾಕಬೇಕು. ನಮ್ಮ ಕಡೆ ಹಂಗ.”

ವಿರೂಪಾಕ್ಷಿ ನಂಬಿದ. ತಾನೂ ಶ್ರದ್ಧೆಯಿಂದ ಮೂರು ಸುತ್ತು ಹಾಕಿದ. ಪ್ಲಾನಿನಲ್ಲಿ ಹನ್ನೊಂದು ನಿಮಿಷ ಹಿಂದೆ ಬಿದ್ದೆವು ಎಂದು ಫೈಲಿನಲ್ಲಿ ಗುರುತು ಹಾಕಿಕೊಂಡ.

ನಮ್ಮ ದೋಣಿಯನ್ನು ಮುಂದೆ ಸಾಗಿಸಿದವಳು ಕಸ್ತೂರಿ. ಅದು ಅವಳಿಗೂ ಗೊತ್ತಾಗಲಿಲ್ಲ. ಊರಿನ ಲಗ್ನಗಳಲ್ಲಿ ಹುಗ್ಗಿಯ ಹಂಡೆ ತಿರುವಿದ ಕೈ ಅದು. ಮುಂದೆ ಕೂತು ಅದೇ ಹದದಲ್ಲಿ ಹುಟ್ಟು ಹಾಕುತ್ತಾ ಹೋದಳು, ಹಿಂದೆ ಕೂತ ನಾನು ನೀರಿಗೆ ಮುಟ್ಟಿಯೂ ಮುಟ್ಟದ ಹಾಗೆ ಹುಟ್ಟು ಆಡಿಸಿದೆ. “ಏನ್ರಿ, ನಿಮ್ಮ ಕೈಯಾಗ ಎಷ್ಟು ಹಗುರ ಹೊಂಟೈತಿ ನೋಡ್ರಿ ದೋಣಿ!” ಎಂದಳು. ಪಕ್ಕದಲ್ಲಿ ಒಂದು ಆಮೆ ತಲೆ ಎತ್ತಿ ನನ್ನನ್ನೇ ನೋಡಿ ಮುಳುಗಿತು.

ಎರಡನೆಯ ದಿನ: ಆಡುಗಳ ಪಾಲು

ನಾವು ಡೇರೆ ಹಾಕಿದ ದಡಕ್ಕೆ ರಸ್ತೆ ಇಲ್ಲ, ಮನೆ ಇಲ್ಲ, ಮರ ಇಲ್ಲ. ಆದರೂ ಬೆಳಿಗ್ಗೆ ಎದ್ದು ನೋಡಿದರೆ ಐದು ಆಡುಗಳು ನಮ್ಮ ಚೀಲದ ಸುತ್ತ ನಿಂತು ಜೋಳದ ರೊಟ್ಟಿ ತಿನ್ನುತ್ತಿದ್ದವು. ಆ ಕಡಿದಾದ ಗುಡ್ಡವನ್ನು ಹೇಗೆ ಇಳಿದು ಬಂದವೋ. ಎರಡನೆಯ ದಿನದ ರೊಟ್ಟಿ ಪೂರ್ತಿ, ಮೂರನೆಯ ದಿನದ್ದು ಅರ್ಧ ಮುಗಿದಿತ್ತು. ಒಂದು ಆಡು ಎ ಪ್ಲಾನಿನ ಹಾಳೆಗಳನ್ನು ಅಗಿಯುತ್ತಿತ್ತು. ಚಟ್ನಿಪುಡಿ ಮಾತ್ರ ಮೂಸಿ ಬಿಟ್ಟಿದ್ದವು. ಖಾರ ಹತ್ತಿತ್ತೇನೋ, ಒಂದು ಆಡಿನ ಮೂಗಿನ ಮೇಲೆ ಕೆಂಪು ಪುಡಿ ಇತ್ತು.

ಆ ದಿನವೆಲ್ಲ ವಿರೂಪಾಕ್ಷಿ ಒಂದೇ ಮಾತು: “ನಾಡಿದ್ದು ಬೆಳಿಗ್ಗೆ ಆರಕ್ಕ ನಾ ಡ್ಯೂಟಿ ಮ್ಯಾಲೆ ಇರಬೇಕು ಮಾಮಾ.” ಹಬ್ಬಕ್ಕೆ ಊರಿಗೆ ಹೋದವರ ಪಾಳಿಯೂ ಅವನ ತಲೆಯ ಮೇಲಿತ್ತು. ತಪ್ಪಿದರೆ ಇನ್ನು ಅವನಿಗೆ ರಜೆ ಕೊಡುವವರಿಲ್ಲ. ಅವನ ಮಾತು ಕೇಳುತ್ತಾ ನಾನು ಜೋರಾಗಿ ಹುಟ್ಟು ಹಾಕಿದೆ, ದೋಣಿ ನಿಧಾನವಾಯಿತು.

ಮೂರನೆಯ ದಿನ: ನೀರು ಹೋದದ್ದು

ಮಧ್ಯಾಹ್ನ ತೋಡಿನ ಬಾಯಿಗೆ ಬಂದೆವು. ಎರಡೂ ಕಡೆ ಹಸಿರು ಕಾಂಡ್ಲಾ ಗಿಡಗಳು, ನಡುವೆ ತಣ್ಣನೆಯ ನೀರು, ಬೆಳ್ಳಕ್ಕಿಗಳು. ಮೂರು ದಿನದಲ್ಲಿ ಮೊದಲ ಸಲ ನೆರಳು ಕಂಡಿತು. ವಿರೂಪಾಕ್ಷಿ ಫೈಲು ತೆಗೆದು, “ಕರೆಕ್ಟ್ ಟೈಮ್! ನಲವತ್ತು ನಿಮಿಷದಾಗ ಕಾರಿನ ಹತ್ರ,” ಎಂದ.

ಹದಿನೈದು ನಿಮಿಷಕ್ಕೆ ದೋಣಿಯ ತಳ ಕೆಸರಿಗೆ ತಾಗಿತು. ಇಪ್ಪತ್ತು ನಿಮಿಷಕ್ಕೆ ಕೂತೇಬಿಟ್ಟಿತು. ನಾವು ಇಳಿದು ತಳ್ಳಿದೆವು, ಮೊಣಕಾಲಿನವರೆಗೆ ಹೂತೆವು. ಕಸ್ತೂರಿಯ ಒಂದು ಚಪ್ಪಲಿಯನ್ನು ಒಮಾನ್ ದೇಶ ನುಂಗಿತು. ನೋಡನೋಡುತ್ತ ನೀರು ಗೆರೆಗೆರೆಯಾಗಿ ಸರಿದು ಹೋಯಿತು. ಸುತ್ತ ಕೆಸರು, ಕೆಸರಿನ ತುಂಬ ಸಣ್ಣ ಏಡಿಗಳು ಕೈ ಎತ್ತಿ ನಿಂತಿದ್ದವು, ತರಗತಿಯಲ್ಲಿ ಎಲ್ಲರಿಗೂ ಉತ್ತರ ಗೊತ್ತಿರುವ ಹಾಗೆ.

ವಿರೂಪಾಕ್ಷಿ ನಕಾಶೆ ತೆಗೆದು ನೋಡಿದ. ನಕಾಶೆಯಲ್ಲಿ ನೀಲಿ. ಕಾಲ ಕೆಳಗೆ ಕಪ್ಪು. “ಚಿತ್ರದಾಗ ನೀರು ಐತಿ!” ಎಂದ, ಯಾರೋ ಕದ್ದಿದ್ದಾರೆ ಎನ್ನುವ ಹಾಗೆ.

ಅಷ್ಟರಲ್ಲಿ ಆ ತೋಡಿನ ನಡುವೆ, ನಾವು ದೋಣಿಯಲ್ಲಿ ಹೋಗಬೇಕಾಗಿದ್ದ ಜಾಗದಲ್ಲಿ, ಒಬ್ಬ ಮುದುಕ ನಡೆದುಕೊಂಡು ಬಂದ. ಬಿಳಿಯ ಹಬ್ಬದ ಅಂಗಿಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ್ದ. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದರಲ್ಲಿ ಹಲ್ವಾದ ಡಬ್ಬಿ. ಹೆಸರು ಸಾಲಿಂ, ಅಲ್ಲಿಯ ಮೀನುಗಾರ. ಹತ್ತಿರ ಬಂದು ಸಲಾಮು ಹೇಳಿ, ನಾವು ಯಾರು, ಇಲ್ಲೇಕೆ ಸಿಕ್ಕಿಬಿದ್ದಿದ್ದೇವೆ ಎಂದು ಒಂದು ಮಾತೂ ಕೇಳದೆ, ಮೊದಲು ನಾಲ್ಕು ಪುಟ್ಟ ಬಟ್ಟಲಿಗೆ ಕಾಫಿ ಸುರಿದ. ಕೆಸರಿನಲ್ಲಿ ನಿಂತೇ ಕುಡಿದೆವು. ನಮ್ಮೂರಲ್ಲಾದರೆ ಮೊದಲು ಸುತ್ತ ಜನ ನೆರೆದು, ಯಾರ ಮನೆಯವರು ಎಂದು ವಿಚಾರಿಸಿ, ನಾಲ್ಕು ಮಾತು ಬೈದು, ಆಮೇಲೆ ಚಹಾ. ಕಸ್ತೂರಿ ಉಳಿದ ರೊಟ್ಟಿಗೆ ಚಟ್ನಿಪುಡಿ ಹಚ್ಚಿ ಕೊಟ್ಟಳು. ಆತ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಕೇಳಿದ.

ಆಮೇಲೆ ದೋಣಿ ತೋರಿಸಿ, ಗಲ್ಫಿನಲ್ಲಿ ಎಲ್ಲರಿಗೂ ಬರುವ ಹರಕು ಹಿಂದಿಯಲ್ಲಿ, “ಪಾನಿ ಖಲಾಸ್,” ಎಂದ. ನೀರು ಮುಗಿಯಿತು. “ಶಾಮ್ ಕೋ ಆಯೇಗಾ.” ಸಂಜೆಗೆ ಬರುತ್ತದೆ.

“ಸಂಜೀತನಕ ಕುಂತರ ಹೆಂಗ?” ವಿರೂಪಾಕ್ಷಿಯ ಮುಖ ಬಿಳಿಚಿತ್ತು. ಪ್ಲಾನಿಲ್ಲದೆ ಅವನು ನಿಲ್ಲಲಾರ. ಎರಡೇ ನಿಮಿಷಕ್ಕೆ ಸಿ ಪ್ಲಾನು ತಯಾರಾಯಿತು. ಪಕ್ಕದ ಮರಳು ದಿಣ್ಣೆಯ ಆಚೆ ತೆರೆದ ಸಮುದ್ರ. ದೋಣಿಗಳನ್ನು ಹೊತ್ತು ದಿಣ್ಣೆ ದಾಟಿಸುವುದು, ಸಮುದ್ರಕ್ಕೆ ಇಳಿದು ಗುಡ್ಡದ ಮೂಗನ್ನು ಹೊರಗಿನಿಂದ ಸುತ್ತಿ ಕಾರಿನ ಕೊಲ್ಲಿಗೆ ಹೋಗುವುದು.

ನಾನು ದಿಣ್ಣೆ ಹತ್ತಿ ನೋಡಿದೆ. ಗುಡ್ಡದ ಮೂಗಿಗೆ ತೆರೆಗಳು ಬಡಿದು ಮನೆಯೆತ್ತರ ನೊರೆ ಏಳುತ್ತಿತ್ತು. ನನ್ನ ಹಿಂದೆ ಬಂದ ಸಾಲಿಂ ತಲೆಯಾಡಿಸಿ, “ಲಾ, ಲಾ,” ಎಂದ. ಬೇಡ, ಬೇಡ.

“ಅವಗೇನು ಗೊತ್ತು ಮಾಮಾ,” ಎಂದ ಕೆಳಗೆ ದೋಣಿಯ ಹತ್ತಿರ ನಿಂತಿದ್ದ ವಿರೂಪಾಕ್ಷಿ. “ಮಹಾಪೂರದಾಗ ಕೃಷ್ಣಾ ದಾಟಿದವರು ನೀವು. ನೀವು ಮುಂದ ನಡೀರಿ, ನಾವು ಹಿಂದ ಬರತೀವಿ.”

ಕಸ್ತೂರಿ ಆಗಲೇ ಜೀವರಕ್ಷಕ ಅಂಗಿಯ ಪಟ್ಟಿ ಬಿಗಿಯುತ್ತಿದ್ದಳು. ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಮುಖದಲ್ಲಿ ಸ್ವಲ್ಪವೂ ಹೆದರಿಕೆ ಇಲ್ಲ. ನನ್ನ ಮೇಲಿನ ನಂಬಿಕೆ ಅದು. ಇಂಚರಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. “ಮಾಮಾ, ನೀವು ಹೇಳ್ರಿ,” ಎಂದಳು. ಮೂರು ದಿನದಲ್ಲಿ ಅವಳು ಕನ್ನಡದಲ್ಲಿ ಆಡಿದ ಮೊದಲ ಮಾತು.

ಮರ್ಯಾದೆ ಹೋದರೆ ಹೋಗಲಿ ಎಂದುಕೊಂಡೆ.

“ಬ್ಯಾಡ,” ಎಂದೆ. “ನನಗ ದೋಣಿ ನಡಸಾಕ ಬರಂಗಿಲ್ಲ. ಹುಟ್ಟು ಹಿಡದದ್ದು ಇದ ಮೊದಲ. ಅವತ್ತ ನರ್ಸಬಾಯಿನ್ನ ದಾಟಿಸಿದಾಕಿ ನಮ್ಮ ನೀಲವ್ವಕ್ಕ. ನಾ ಒಳಗ ಕುಂತಿದ್ನಿ.”

ವಿರೂಪಾಕ್ಷಿ ಫೈಲು ಮುಚ್ಚಿ ದೋಣಿಯ ಕೂರುವ ಹಲಗೆಯ ಮೇಲಿಟ್ಟ. “ತಾಸಿಗೆ ನಾಲ್ಕೂವರಿ ಅಂದ್ರಲ್ಲ ಮಾಮಾ,” ಎಂದ, ಅಳುವ ಧ್ವನಿಯಲ್ಲಿ.

ದಿಬ್ಬ: ಸಿಗ್ನಲ್ ಸಿಕ್ಕ ಜಾಗ

ಕಸ್ತೂರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಿಣ್ಣೆಯ ಮೇಲೆ ಕೂತು ಸಮುದ್ರ ನೋಡಿದಳು. ಸಂಜೆಯಾಗುತ್ತ ಬಂದಾಗ ನನ್ನ ಕಡೆ ತಿರುಗಿದಳು.

“ಅಕ್ಕಾರು ನಮ್ಮನಿಗೆ ಬಂದಾಗೆಲ್ಲ ನಾ ಆ ಕತಿ ಹೇಳೀನಿ. ರೊಟ್ಟಿ ಬಡ್ಕೋತ ಹೇಳೀನಿ. ನನ್ನ ಗಂಡ ಹಂಗ ದಾಟಿಸಿದ, ಹಿಂಗ ದಾಟಿಸಿದ ಅಂತ. ಅವರ ಮುಂದ! ಅವರು ‘ಹೌದೇನವಾ’ ಅಂತ ಕೇಳ್ಕೋತ ಕುಂತಿರತಿದ್ರು. ಮೂವತ್ತೊಂದು ವರ್ಷ, ಏನ್ರಿ.”

ನನಗೆ ಇದು ಹೊಸ ಸುದ್ದಿ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾನು ಕದ್ದಿದ್ದೇನೆಂದು ಗೊತ್ತಿತ್ತು, ಕದ್ದ ವಸ್ತುವನ್ನು ಒಡತಿಯ ಮುಂದೆಯೇ ವರ್ಷ ವರ್ಷ ಮೆರೆಸಿದ್ದು ಗೊತ್ತಿರಲಿಲ್ಲ.

“ಫೋನ್ ಹಚ್ಚರಿ,” ಎಂದಳು.

ಸಿಗ್ನಲ್ ಹುಡುಕುತ್ತಾ ನಾವು ನಾಲ್ವರೂ ದಿಣ್ಣೆಯ ಪಕ್ಕದ ಕಲ್ಲು ದಿಬ್ಬ ಹತ್ತಿದೆವು. ಅಕ್ಕ ಈಗ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಅರವತ್ತೈದಾದರೂ ಪಟ್ಟಿ ಏರಿಸುವವಳು, ಹಿಟ್ಟು ತೂಗುವವಳು, ಗಿರಾಕಿಗಳನ್ನು ಗದರುವವಳು ಅವಳೇ. ಫೋನ್ ಎತ್ತಿದಾಗ ಹಿಂದೆ ಗಿರಣಿ ಗಡಗಡ ಸದ್ದು ಮಾಡುತ್ತಿತ್ತು. ಕಸ್ತೂರಿ ಸ್ಪೀಕರ್ ಹಾಕಿದಳು.

“ಅಕ್ಕಾರ, ಇವರು ಎಲ್ಲಾ ಹೇಳಿದ್ರು. ಹರಗೋಲ ಹಾಕಿದ್ದು ನೀವಂತ.”

“ಏನಂದಿ?”

“ಪೂರದಾಗ. ನರ್ಸಬಾಯಿನ್ನ ದಾಟಿಸಿದ್ದು ನೀವಂತ!”

ಬರೀ ಗಿರಣಿಯ ಸದ್ದು. ಆಮೇಲೆ, “ತಡಿ, ಗಿರಣಿ ಬಂದ್ ಮಾಡ್ತೀನಿ.” ಪಟ್ಟಿ ನಿಧಾನವಾಗಿ ನಿಂತದ್ದು ಕೇಳಿಸಿತು. ಯಾರೋ ಗಿರಾಕಿ ಗೊಣಗಿದ, ಅಕ್ಕ “ಕುಂದ್ರೋ ಸುಮ್ಮನ,” ಎಂದಳು. “ಹ್ಞಾಂ, ಈಗ ಕೇಳು.”

ಅವಳೇ ಹೇಳಿದಳು, ಯಾರೂ ಕೇಳದೆಯೇ. ಐವತ್ತೊಂದು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದವಳ ಹಾಗೆ. ಪೂರದಲ್ಲಿ ನೇರ ದಾಟಲು ಹೋದರೆ ಸತ್ತಂತೆ. ದಂಡೆ ಹಿಡಿದು ಹರಿಗೋಲನ್ನು ಒಂದು ಮೈಲಿ ಮೇಲಕ್ಕೆ ಹೊತ್ತುಕೊಂಡು ಹೋಗಬೇಕು, ಅಲ್ಲಿಂದ ಬಿಟ್ಟರೆ ಹೊಳೆಯೇ ಓರೆಯಾಗಿ ಆಚೆ ಮುಟ್ಟಿಸುತ್ತದೆ. ನಾನು ಇಷ್ಟು ವರ್ಷ ನೇರ ದಾಟಿಸಿದ್ದೆ. ನಡು ಹೊಳೆಯಲ್ಲಿ ಒಂದು ಬೇರು ಸಹಿತ ಬೇವಿನ ಮರ ತೇಲಿ ಬಂತಂತೆ, ಅದನ್ನು ಹುಟ್ಟಿನಿಂದ ನೂಕುವಾಗ ಅಂಗೈ ಚರ್ಮ ಸುಲಿಯಿತಂತೆ. ನಾನು ಕಣ್ಣು ಮುಚ್ಚಿದ್ದರಿಂದ ಆ ಮರ ನನ್ನ ಕತೆಯಲ್ಲಿ ಇರಲೇ ಇಲ್ಲ.

“ಇಂವಾ ಏನ್ ಮಾಡಿದ ಹೇಳ್ಯಾನಿಲ್ಲೋ? ನರ್ಸಬಾಯಿ ಚೀಲದಾಗ ವಾಂತಿ ಮಾಡಿದ. ಹುಟ್ಟಿದ ಕೂಸಿಗೂ ಅದ ವಾಸನಿ.”

ಇಂಚರಾ ನೆಲದ ಮೇಲೆ ಕೂತು ನಕ್ಕಳು. ವಿರೂಪಾಕ್ಷಿ ಡ್ಯೂಟಿ ಮರೆತು ನಕ್ಕ. ಕಸ್ತೂರಿ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಅಕ್ಕಾರ, ಇಲ್ಲೆ ಸಮುದ್ರಕ್ಕ ದೋಣಿ ತಗೊಂಡು ಬಂದ ಮ್ಯಾಲೆ ಇವರು ಬಾಯಿ ಬಿಟ್ರು. ನೀವು ಇಷ್ಟು ದಿನ ಯಾಕ ಸುಮ್ಮನಿದ್ರಿ?”

“ಲಗ್ನದಾಗ ನಿಮ್ಮಪ್ಪ ನನ್ನ ಮುಂದ ಅಂವನ್ನ ಹೊಗಳಿದ. ಅಲ್ಲೆ ಅಂದಿದ್ರ ಲಗ್ನ ಮುರೀತಿತ್ತವಾ. ಅಂವಾನ ಒಂದಿನ ಹೇಳ್ತಾನ ಅಂತ ಬಿಟ್ಟೆ.” ಆಮೇಲೆ ಬೇರೆಯೇ ಧ್ವನಿಯಲ್ಲಿ ಕೇಳಿದಳು. “ಅಲ್ಲೆ ನೀರು ಹೆಂಗೈತಿ ತಮ್ಮಾ?”

“ದೊಡ್ಡದೈತಿ ಅಕ್ಕ,” ಎಂದೆ. “ನೀ ಬಂದು ನೋಡಬೇಕು. ಪಾಸ್‌ಪೋರ್ಟ್ ಮಾಡಸ್ತೀನಿ.”

“ಅದು ಆಮ್ಯಾಲಿನ ಮಾತು,” ಎಂದಳು ಅಕ್ಕ. “ದೋಣಿ ಕಟ್ಟೀಯೇನ?”

ನಾವು ನಾಲ್ವರೂ ಒಟ್ಟಿಗೆ ತಿರುಗಿ ನೋಡಿದೆವು. ನಾವು ಕತೆ ಕೇಳುತ್ತಿದ್ದಷ್ಟು ಹೊತ್ತಿನಲ್ಲಿ ಸದ್ದಿಲ್ಲದೆ ತೋಡು ತುಂಬಿತ್ತು. ಕಾಂಡ್ಲಾ ಗಿಡಗಳ ನಡುವೆ ಎರಡೂ ದೋಣಿಗಳು ಬಿ ಪ್ಲಾನು ತೋರಿಸಿದ ದಾರಿಯಲ್ಲೇ, ಕಾರಿನ ಕೊಲ್ಲಿಯ ಕಡೆಗೆ, ನಾವಿಲ್ಲದೆ ಹೊರಟಿದ್ದವು. ಮುಂದಿನದರ ಹಲಗೆಯ ಮೇಲೆ ವಿರೂಪಾಕ್ಷಿಯ ಫೈಲು ಕೂತಿತ್ತು. ಸಾಲಿಂ ಸೊಂಟದವರೆಗಿನ ನೀರಲ್ಲಿ ಫ್ಲಾಸ್ಕು ತಲೆಯ ಮೇಲೆ ಹಿಡಿದುಕೊಂಡು ಅವುಗಳ ಹಿಂದೆ ಹೋಗುತ್ತಿದ್ದ. ಇಂಚರಾ ಆಗಲೇ ದಿಬ್ಬ ಇಳಿದು ಓಡುತ್ತಿದ್ದಳು.

“ಲೇ ತಮ್ಮಾ, ಕೇಳಿಸ್ತೇನ? ದೋಣಿ ಕಟ್ಟೀಯೋ ಇಲ್ಲೋ?”

ಕಸ್ತೂರಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಕಟ್ಟಿಲ್ಲಕ್ಕ,” ಎಂದೆ.

“ಗೊತ್ತಿತ್ತು,” ಎಂದು ಅಕ್ಕ ಗಿರಣಿ ಶುರು ಮಾಡಿದಳು.